ನಾಲ್ಕು ಮಿಲಿಮೀಟರ್ ಜಾಗ: ಮರಗೆಲಸದ ಪುಸ್ತಕಗಳನ್ನು ಓದುವ ಬಗೆ

ಒಂದು ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೂತು ಅಮ್ಮನ ಸೀರೆಗಳಿಗೆಂದು ತೇಗದ ಪೆಟ್ಟಿಗೆ ಮಾಡಿದೆ. ಮುಚ್ಚಳಕ್ಕೆ ನಾಲ್ಕು ಪಟ್ಟಿಗಳ ಚೌಕಟ್ಟು, ಅದರ ಒಳಬದಿಯಲ್ಲಿ ಕೊರೆದ ಜಾಡು, ಆ ಜಾಡಿನೊಳಗೆ 300 ಮಿಲಿಮೀಟರ್ ಅಗಲದ ಒಂದೇ ಹಲಗೆ. ಹಲಗೆಯ ಅಂಚು ಜಾಡಿನ ತಳಕ್ಕೆ ತಾಗುವಷ್ಟು ಬಿಗಿಯಾಗಿತ್ತು. ಸುತ್ತಲೂ ಅಂಟು ಹಚ್ಚಿ ಕ್ಲ್ಯಾಂಪ್ ಬಿಗಿದೆ. ಮಾರನೆಯ ದಿನ ಬೆರಳಾಡಿಸಿದರೆ ಸಂದು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಯುಗಾದಿಗೆ ಪೆಟ್ಟಿಗೆ ಉಡುಪಿಯ ಮನೆ ಸೇರಿತು. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ನಾನು ಊರಿಗೆ ಹೋದಾಗ ಚೌಕಟ್ಟಿನ ಎರಡು ಮೂಲೆಗಳು ಬಾಯಿ ಬಿಟ್ಟಿದ್ದವು. ಪಕ್ಕದ ಮನೆಯ ಬಡಗಿ ಆಚಾರ್ರು ಮುಚ್ಚಳವನ್ನು ಬೆಳಕಿಗೆ ಹಿಡಿದು, ಮೂಲೆಯಲ್ಲಿ ಉಗುರು ಆಡಿಸಿ ಕೇಳಿದರು: “ಮಳೆಗಾಲಕ್ಕೆ ಜಾಗ ಬಿಡ್ಲಿಲ್ವಾ ನೀವು?”

ಎಷ್ಟು ಜಾಗ ಬಿಡಬೇಕಿತ್ತು ಎಂದು ಕೇಳಿದೆ. ಅವರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಚೂರು ಸಂದಿ ಮಾಡಿ ತೋರಿಸಿದರು. ಆ ಅಳತೆ ಅವರ ಕೈಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಆದರೆ ಬೆಂಗಳೂರಿನ ನನ್ನ ಕಪಾಟಿನಲ್ಲಿ ಇದ್ದ ಪುಸ್ತಕಕ್ಕೂ ಅದು ಗೊತ್ತಿತ್ತು. ಸಂದು ಕೂಡಿಸುವ ಅಧ್ಯಾಯವನ್ನು ನಾನು ಮೂರು ಸಲ ಓದಿದ್ದೆ. ಅದಕ್ಕಿಂತ ಹಿಂದಿನ, ಮರ ಮತ್ತು ನೀರಿನ ಅಧ್ಯಾಯವನ್ನು ಹಾರಿಸಿದ್ದೆ.

ಮರಗೆಲಸದ ಸಲಕರಣೆ, ವಿಧಾನಗಳ ಬಗ್ಗೆ ಇರುವ ಆಕರ ಪುಸ್ತಕಗಳು ಬಹುಪಾಲು ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳವು. ಅವುಗಳಲ್ಲಿ ಎರಡು ಬಗೆಯ ಮಾತುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದು, ಮರದ ಸ್ವಭಾವದ ಮಾತು. ಅದು ಬಾಸ್ಟನ್ನಿನಲ್ಲೂ ಬೈಂದೂರಿನಲ್ಲೂ ಒಂದೇ. ಇನ್ನೊಂದು, ಪುಸ್ತಕ ಬರೆದವರ ಊರಿನ ಮಾತು: ಅಲ್ಲಿನ ಮರ, ಅಲ್ಲಿನ ಹವೆ, ಅಲ್ಲಿನ ಬೆಂಚು, ಅಲ್ಲಿನ ಅಂಗಡಿಯಲ್ಲಿ ಸಿಗುವ ಹಲಗೆಯ ಅಳತೆ. ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಧೈರ್ಯದಲ್ಲಿ ಅಚ್ಚಾಗಿರುತ್ತವೆ. ಯಾವುದು ಯಾವುದು ಎಂದು ಬೇರ್ಪಡಿಸಿಕೊಳ್ಳಲು ಕಲಿತರೆ ಈ ಪುಸ್ತಕಗಳಷ್ಟು ಉಪಕಾರಿ ಬೇರೊಂದಿಲ್ಲ. ಕಲಿಯದಿದ್ದರೆ ಅಮ್ಮನ ಪೆಟ್ಟಿಗೆಯ ಮೂಲೆ ಬಿಡುತ್ತದೆ.

ಮರದ ಮಾತು

ಮೊದಲು ನೀರಿನ ವಿಷಯ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಒಣಗಲು ಇಟ್ಟಾಗ ಮೊದಲು ಹೋಗುವುದು ಪೊಳ್ಳಿನ ನೀರು. ಆಗ ಹಲಗೆ ಹಗುರಾಗುತ್ತದೆ, ಅಳತೆಯಲ್ಲಿ ಬದಲಾಗುವುದಿಲ್ಲ. ಪೂರಾ ಒಣಗಿದ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುವ ತೇವಾಂಶ ಸುಮಾರು ಶೇಕಡಾ 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಮರ ಕುಗ್ಗುವುದು ಅಲ್ಲಿಂದ. ಮತ್ತೆ ಗಾಳಿಯಲ್ಲಿ ತೇವ ಹೆಚ್ಚಿದರೆ ಗೋಡೆ ನೀರು ಕುಡಿದು ಉಬ್ಬುತ್ತದೆ. ಕಡಿದು ನೂರು ವರ್ಷವಾದ ತೊಲೆಯೂ ಹೀಗೆಯೇ ಮಾಡುತ್ತದೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದು, ಬೇಸಿಗೆಯಲ್ಲಿ ಸಡಿಲಾಗುವುದು ಎಲ್ಲರೂ ಕಂಡದ್ದೇ.

ಆದರೆ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ, ಇಡೀ ಮರಗೆಲಸ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಉದ್ದಕ್ಕೆ ಅದು ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಸಿಯಿಂದ ಪೂರಾ ಒಣಗುವವರೆಗೆ ಶೇಕಡಾ 0.1ರಿಂದ 0.2. ಕಾಂಡದ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಇದಕ್ಕಿಂತ ಬಹಳ ಹೆಚ್ಚು. ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದರ ಸುಮಾರು ಎರಡರಷ್ಟು. ನಿಮ್ಮ ಹಲಗೆ ಯಾವ ಬಗೆಯದು ಎಂದು ತಿಳಿಯಲು ಅದರ ತಲೆಕಡೆ ನೋಡಬೇಕು. ಉಂಗುರದ ಗೆರೆಗಳು ಹಲಗೆಯ ಅಗಲಕ್ಕೆ ಮಲಗಿದ್ದರೆ ಅದು ಹೆಚ್ಚು ಆಡುವ ಹಲಗೆ. ಗೆರೆಗಳು ನೆಟ್ಟಗೆ ನಿಂತಿದ್ದರೆ ಕಡಿಮೆ ಆಡುತ್ತದೆ.

ಇದಕ್ಕೆ ಅಂಕಿ ಕೊಡುವ ಪುಸ್ತಕಗಳಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ‘ವುಡ್ ಹ್ಯಾಂಡ್‌ಬುಕ್’. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ 1910ರಲ್ಲಿ ಶುರುವಾದ ಸರಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯ 1935ರಲ್ಲಿ ಇದನ್ನು ಮೊದಲು ಹೊರತಂದಿತು. ಆಮೇಲೆ ಹಲವು ಸಲ ಪರಿಷ್ಕರಿಸಿದೆ. ಸರಕಾರದ ಪ್ರಕಟಣೆಯಾದ್ದರಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದರಲ್ಲಿ ನೂರಾರು ಮರಗಳ ಕುಗ್ಗುವಿಕೆಯ ಕೋಷ್ಟಕವಿದೆ. ಅಮೆರಿಕಕ್ಕೆ ಹೊರಗಿನಿಂದ ಬರುವ ಮರಗಳ ಸಾಲಿನಲ್ಲಿ ನಮ್ಮ ತೇಗವಿದೆ, ಬೀಟೆಯೂ ಇದೆ. ಹಸಿಯಿಂದ ಪೂರಾ ಒಣಗುವವರೆಗೆ ತೇಗ ತಿರುಳು–ತೊಗಟೆ ದಿಕ್ಕಿನಲ್ಲಿ ಶೇಕಡಾ 2.5, ಉಂಗುರದ ಸುತ್ತಿನ ದಿಕ್ಕಿನಲ್ಲಿ ಶೇಕಡಾ 5.8 ಕುಗ್ಗುತ್ತದೆ. ಅವರ ಬಿಳಿ ಓಕ್ ಮರಕ್ಕೆ ಇದೇ ಅಂಕಿಗಳು 5.6 ಮತ್ತು 10.5.

ಈಗ ನನ್ನ ಮುಚ್ಚಳದ ಲೆಕ್ಕ. ಗಾಳಿಯ ಆರ್ದ್ರತೆ ಶೇಕಡಾ 50ರ ಆಸುಪಾಸು ನಿಂತರೆ ಮರದ ತೇವಾಂಶ ನಿಧಾನವಾಗಿ ಶೇಕಡಾ 9ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 80ಕ್ಕೆ ಏರಿದರೆ ತೇವಾಂಶ ಸುಮಾರು 16ಕ್ಕೆ ಏರುತ್ತದೆ. ಬೆಂಗಳೂರಿನ ಬೇಸಿಗೆ ಆರಂಭದಿಂದ ಕರಾವಳಿಯ ಮಳೆಗಾಲಕ್ಕೆ ಹೋದ ಹಲಗೆಗೆ ಇಷ್ಟಾದರೂ ಏರಿಕೆ ಖಂಡಿತ: 7 ಅಂಶ. ಒಟ್ಟು 30 ಅಂಶಕ್ಕೆ 5.8 ಶೇಕಡಾ ಆದರೆ 7 ಅಂಶಕ್ಕೆ 1.35 ಶೇಕಡಾ. 300 ಮಿಲಿಮೀಟರಿಗೆ ಅದು 4 ಮಿಲಿಮೀಟರ್. ಉಂಗುರ ಮಲಗಿದ ನನ್ನ ಹಲಗೆಗೆ ಬೇಕಾಗಿದ್ದ ಜಾಗ ಅಷ್ಟು. ಆಚಾರ್ರ ಬೆರಳ ಸಂದಿಯನ್ನು ನೆನಪಿಸಿಕೊಂಡೆ. ಅದೂ ಅಷ್ಟೇ ಇತ್ತು. ಉಂಗುರ ನಿಂತ ಹಲಗೆ ಆರಿಸಿದ್ದರೆ 1.75 ಮಿಲಿಮೀಟರ್ ಸಾಕಿತ್ತು. ಬಿಳಿ ಓಕ್ ಆಗಿದ್ದರೆ 7 ಮಿಲಿಮೀಟರಿಗೂ ಮೇಲೆ.

ಅಮೆರಿಕದ ಪುಸ್ತಕವೊಂದರಲ್ಲಿ “ಇಷ್ಟು ಅಗಲದ ಹಲಗೆಗೆ ಇಷ್ಟು ಸಂದಿ ಬಿಡಿ” ಎಂದು ಬರೆದಿದ್ದರೆ, ಸಂದಿ ಬಿಡಬೇಕು ಎನ್ನುವುದು ಮರದ ಮಾತು, ಇಷ್ಟು ಎನ್ನುವುದು ಓಕ್ ಮರದ, ಮೇಪಲ್ ಮರದ, ಚಳಿಗಾಲದಲ್ಲಿ ಹೀಟರ್ ಹಾಕಿ ಒಣಗಿಸಿದ ಮನೆಯ ಮಾತು. ಅಲ್ಲಿ ಮರ ಕುಗ್ಗುವುದು ಚಳಿಗಾಲದಲ್ಲಿ. ನಮ್ಮಲ್ಲಿ ಕುಗ್ಗುವುದು ಬೇಸಿಗೆಯಲ್ಲಿ. ಮೊದಲನೆಯದನ್ನು ಹಾಗೇ ತೆಗೆದುಕೊಳ್ಳಿ. ಎರಡನೆಯದನ್ನು ಮೇಲಿನ ಲೆಕ್ಕದಿಂದ ನೀವೇ ಮಾಡಿಕೊಳ್ಳಿ.

ಕೋಷ್ಟಕ ಓದಲು ಬೇಸರವಾದರೆ ಇದೇ ವಿಷಯವನ್ನು ಬಡಗಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ ಪುಸ್ತಕ ಆರ್. ಬ್ರೂಸ್ ಹೋಡ್ಲಿ ಅವರ ‘ಅಂಡರ್‌ಸ್ಟ್ಯಾಂಡಿಂಗ್ ವುಡ್’. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮರದ ವಿಜ್ಞಾನ ಕಲಿಸುತ್ತಿದ್ದ ಹೋಡ್ಲಿ ಇದನ್ನು 1980ರಲ್ಲಿ ಪ್ರಕಟಿಸಿದರು, 2000ದಲ್ಲಿ ಪರಿಷ್ಕರಿಸಿದರು. ಒಂದೇ ಪುಸ್ತಕ ಕೊಳ್ಳಲು ಹಣವಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಇದರಲ್ಲಿ ಮೇಜು ಮಾಡುವುದು ಹೇಗೆ ಎಂದಿಲ್ಲ. ಮಾಡಿದ ಮೇಜು ಯಾಕೆ ಸೀಳುತ್ತದೆ ಎಂದಿದೆ.

ಮಾತು ಕಲಿಸಲಾಗದ್ದು ಮತ್ತು ಎತ್ತಿಕೊಂಡ ಚಿತ್ರಗಳು

ಇಂಗ್ಲಿಷಿನಲ್ಲಿ ಮರಗೆಲಸದ ಮೊದಲ ಪುಸ್ತಕ ಬರೆದವನು ಬಡಗಿಯಲ್ಲ. ಜೋಸೆಫ್ ಮಾಕ್ಸನ್ ಲಂಡನ್ನಿನ ಮುದ್ರಕ. ಭೂಗೋಳ, ನಕ್ಷೆ, ಗಣಿತದ ಸಲಕರಣೆ ಮಾಡಿ ಮಾರುತ್ತಿದ್ದವನು. 1678ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದವನು. ಅದೇ ವರ್ಷ ‘ಮೆಕ್ಯಾನಿಕ್ ಎಕ್ಸರ್‌ಸೈಸಸ್’ ಎಂಬ ಹೆಸರಿನಲ್ಲಿ ಕಮ್ಮಾರಿಕೆ, ಮರದ ಸಂದುಗೆಲಸ, ಮನೆ ಕಟ್ಟುವ ಬಡಗಿತನ, ಕಡೆಯುವ ಕೆಲಸ ಇವನ್ನೆಲ್ಲ ಕಂತು ಕಂತಾಗಿ ಅಚ್ಚು ಹಾಕತೊಡಗಿದ. ಮುನ್ನುಡಿಯಲ್ಲೇ ಅವನು ಒಂದು ಮಾತನ್ನು ಒಪ್ಪಿಕೊಂಡಿದ್ದಾನೆ: ಕೈಯ ಕುಶಲತೆಯನ್ನು ಮಾತಿನಿಂದ ಕಲಿಸಲಾಗದು, ಅದು ಅಭ್ಯಾಸದಿಂದಲೇ ಬರಬೇಕು, ಬರೀ ಓದಿ ಯಾರಾದರೂ ಈ ಕೆಲಸ ಮಾಡಿಬಿಡುತ್ತಾರೆಂದು ನಾನು ಮಾತು ಕೊಡುವುದಿಲ್ಲ, ಆದರೆ ಮಾಡಹೊರಟವರು ಪಾಲಿಸಬೇಕಾದ ನಿಯಮಗಳು ಇವು. ಮೂರೂವರೆ ಶತಮಾನದ ಹಿಂದಿನ ಈ ಮಾತಿಗಿಂತ ನೇರವಾಗಿ ಪುಸ್ತಕದ ಮಿತಿಯನ್ನು ಹೇಳಿದ್ದನ್ನು ನಾನು ಓದಿಲ್ಲ.

ಮಾಕ್ಸನ್ ಪುಸ್ತಕದ ಇನ್ನೊಂದು ಪಾಠ ಅವನು ಹೇಳದೇ ಬಿಟ್ಟದ್ದು. ಅದರಲ್ಲಿರುವ ಸಂದುಗೆಲಸದ ಸಲಕರಣೆಗಳ ಚಿತ್ರಗಳಲ್ಲಿ ಹಲವನ್ನು ಆಂಡ್ರೆ ಫೆಲಿಬಿಯೆನ್ ಎಂಬ ಫ್ರೆಂಚ್ ಲೇಖಕ 1676ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪುಸ್ತಕದಿಂದ ಎತ್ತಿಕೊಳ್ಳಲಾಗಿದೆ. ಅಂದರೆ ಬರಹ ಲಂಡನ್ನಿನ ಬಡಗಿತನದ್ದು, ಚಿತ್ರ ಪ್ಯಾರಿಸ್ಸಿನ ಸಲಕರಣೆಯದು. ಆಗಿನ ಇಂಗ್ಲಿಷ್ ತೋಪಡ (ಮರ ನಯ ಮಾಡುವ ಪ್ಲೇನ್) ಹೇಗಿತ್ತು ಎಂದು ಆ ಚಿತ್ರವನ್ನೇ ನಂಬಿ ಹೇಳಹೊರಟರೆ ದಾರಿ ತಪ್ಪುತ್ತದೆ. ಪುಸ್ತಕ ನೋಡಿ ಪುಸ್ತಕ ಬರೆಯುವ ಈ ಅಭ್ಯಾಸ ಇಂದಿಗೂ ಇದೆ. ಒಂದೇ ಚಿತ್ರ, ಒಂದೇ ಕೋನ, ಒಂದೇ ಎಚ್ಚರಿಕೆ ಐದು ಪುಸ್ತಕಗಳಲ್ಲಿ ಕಂಡರೆ ಐದು ಜನ ಮಾಡಿ ನೋಡಿದ್ದಾರೆ ಎಂದು ತಿಳಿಯಬಾರದು. ಒಬ್ಬರು ಮಾಡಿರಬಹುದು, ನಾಲ್ವರು ಓದಿರಬಹುದು.

ಮಾಡಿದವನೇ ಬರೆದ, ಬರೆದವನೇ ಚಿತ್ರ ತೆಗೆದ ಪುಸ್ತಕ ಬೇಕಾದರೆ ಫ್ರಾನ್ಸಿಗೆ ಹೋಗಬೇಕು. ಆಂಡ್ರೆ ಜಾಕೋಬ್ ರೂಬೊ (1739–1791) ಪ್ಯಾರಿಸ್ಸಿನ ಬಡಗಿಯ ಮಗ, ಬಡಗಿಯ ಮೊಮ್ಮಗ. ಹಗಲು ಕೆಲಸ, ಜೊತೆಗೆ ವಾಸ್ತುಶಿಲ್ಪಿ ಬ್ಲಾಂಡೆಲ್ ಅವರ ಬಳಿ ರೇಖಾಚಿತ್ರದ ಕಲಿಕೆ. ಫ್ರೆಂಚ್ ವಿಜ್ಞಾನ ಅಕಾಡೆಮಿ ಎಲ್ಲ ಕಸುಬುಗಳನ್ನೂ ದಾಖಲಿಸುವ ದೊಡ್ಡ ಮಾಲಿಕೆಯೊಂದನ್ನು ಹೊರತರುತ್ತಿತ್ತು. ಅದರಲ್ಲಿ ಮರಗೆಲಸದ ಭಾಗ ರೂಬೊನ ಪಾಲಿಗೆ ಬಂತು. 1769ರಿಂದ ಆರು ವರ್ಷ ಸಂಪುಟಗಳು ಹೊರಬಂದವು. ಚಿತ್ರಪುಟಗಳೇ 380ರ ಹತ್ತಿರ. ಕುರ್ಚಿ, ಗಾಡಿ, ಕಿಟಕಿ, ಮರದ ಕೆತ್ತು ಜೋಡಣೆ, ತೋಟದ ಜಾಲರಿ, ಯಾವುದನ್ನೂ ಬಿಟ್ಟಿಲ್ಲ.

ಅದರ 11ನೇ ಚಿತ್ರಪುಟದಲ್ಲಿ ಒಂದು ಕೆಲಸದ ಬೆಂಚಿದೆ. ದಪ್ಪ ತುಂಡೊಂದರ ಮೇಲ್ಮೈ, ಅದರ ಮುಂದಿನ ಅಂಚಿಗೆ ಸರಿಯಾಗಿ ನಿಂತ ಕಾಲುಗಳು, ಹಲಗೆಯನ್ನು ತಡೆದು ನಿಲ್ಲಿಸುವ ಒಂದು ಗೂಟ, ಒತ್ತಿ ಹಿಡಿಯುವ ಬಾಗಿದ ಕಬ್ಬಿಣ. ಎರಡು ಶತಮಾನ ಮರೆಯಾದಂತಿದ್ದ ಈ ಬೆಂಚು 2007ರಲ್ಲಿ ಕ್ರಿಸ್ಟೋಫರ್ ಶ್ವಾರ್ಜ್ ಎಂಬ ಅಮೆರಿಕನ್ ಬರಹಗಾರ ಬೆಂಚುಗಳ ಬಗ್ಗೆಯೇ ಒಂದು ಪುಸ್ತಕ ಬರೆದ ಮೇಲೆ ಮತ್ತೆ ಸಾವಿರಾರು ಕಾರ್ಯಾಗಾರಗಳಿಗೆ ಬಂತು. ಮಾಕ್ಸನ್ ಪುಸ್ತಕದಲ್ಲಿ ಕಾಣುವ ಹಲಗೆ ಬಿಗಿಯುವ ಎರಡು ತಿರುಪಿನ ಹಿಡಿಕೆಯೂ ಹೀಗೆಯೇ ಮರಳಿ ಬಂದಿದೆ. ಅದನ್ನು ಈಗ ಮಾಕ್ಸನ್ ವೈಸ್ ಎಂದೇ ಕರೆಯುತ್ತಾರೆ.

ಇಲ್ಲಿ ಊರಿನ ಮಾತಿನ ಎಚ್ಚರ ಬೇಕು. ಪಾಶ್ಚಾತ್ಯ ಪುಸ್ತಕ ಮೊದಲ ಅಧ್ಯಾಯದಲ್ಲೇ ಬೆಂಚು ಮಾಡಿಸುತ್ತದೆ, ಬೆಂಚಿಲ್ಲದೆ ಕೆಲಸವೇ ಇಲ್ಲ ಎಂಬ ಭಾವನೆ ಬರುತ್ತದೆ. ನಮ್ಮ ಆಚಾರ್ರು ನೆಲದಲ್ಲಿ ಕೂತು, ಹಲಗೆಯನ್ನು ಪಾದದಿಂದ ಒತ್ತಿ, ಹೆಬ್ಬೆರಳಿನ ಬುಡದಲ್ಲಿ ಹಿಡಿದು ಉಳಿ ಹೊಡೆಯುತ್ತಾರೆ. ಹಲಗೆ ಅಲುಗದ ಹಾಗೆ ಹಿಡಿಯಬೇಕು, ಹಿಡಿತ ಬೇಗ ಬದಲಿಸಲು ಬರಬೇಕು, ಇದು ಮರದ ಮಾತು. ಅದಕ್ಕೆ ಬೆಂಚು ಒಂದು ಉತ್ತರ, ಪಾದ ಇನ್ನೊಂದು ಉತ್ತರ. ಸೊಂಟದ ಎತ್ತರಕ್ಕೆ ಬರೆದ ಸೂಚನೆಗಳು, ಅಂದರೆ ನಿಲ್ಲುವ ಭಂಗಿ, ತೋಳಿನ ಎಳೆತ, ದೇಹದ ಭಾರ ಹಾಕುವ ಬಗೆ, ನೆಲದಲ್ಲಿ ಕೂತವರಿಗೆ ಹೊಂದುವುದಿಲ್ಲ. ನಾನು ಬೆಂಚಿನಲ್ಲಿ ಕಲಿತವನು, ಈಗಲೂ ಅಲ್ಲೇ ಕೆಲಸ ಮಾಡುತ್ತೇನೆ. ಆದರೆ ಚಿಕ್ಕ ತುಂಡಿಗೆ ಗುಳಿ ತೋಡುವಾಗ ನೆಲಕ್ಕೆ ಇಳಿದರೆ ಕೈ ಹೆಚ್ಚು ನಿಖರವಾಗುತ್ತದೆ.

ಪುಸ್ತಕಗಳು ಮರೆತ ಒಂದು ಪಟ್ಟಿ

ತೋಪಡದ ಅಲಗಿನ ಮೇಲೆ ಇನ್ನೊಂದು ಕಬ್ಬಿಣದ ಪಟ್ಟಿ ಕೂತಿರುತ್ತದೆ. ಚಿಪ್ ಬ್ರೇಕರ್ ಎನ್ನುತ್ತಾರೆ. ಬಿಚ್ಚಿ ಅಂಗೈಯಲ್ಲಿ ಇಟ್ಟು ನೋಡಿ: ಕೆಳಗೆ ಹರಿತವಾದ ಅಲಗು, ಅದರ ಬೆನ್ನಿಗೆ ತುಸು ಬಾಗಿ ಒತ್ತಿಕೊಂಡ ಪಟ್ಟಿ. ಪಟ್ಟಿಯ ತುದಿ ಅಲಗಿನ ತುದಿಗಿಂತ ಒಂದಿಷ್ಟು ಹಿಂದೆ ನಿಂತಿರುತ್ತದೆ. ಎಷ್ಟು ಹಿಂದೆ ಎನ್ನುವುದೇ ಪ್ರಶ್ನೆ.

19ನೇ ಶತಮಾನದ ಆರಂಭದ ಪುಸ್ತಕಗಳಿಗೆ ಇದು ಗೊತ್ತಿತ್ತು. ಪೀಟರ್ ನಿಕಲ್ಸನ್ 1812ರಲ್ಲಿ ಬರೆದ ಪುಸ್ತಕದಲ್ಲಿ, ಎಳೆ ತೊಡಕಾಗಿರುವ ಮರಕ್ಕೆ ಈ ಪಟ್ಟಿಯನ್ನು ಅಲಗಿನ ತುದಿಯ ಹತ್ತಿರಕ್ಕೆ ತರಬೇಕು ಎಂಬ ತಿಳಿವಳಿಕೆ ಇದೆ. ಆಮೇಲೆ ಮರ ನಯ ಮಾಡುವ ಯಂತ್ರಗಳು ಬಂದವು. ಕೈ ತೋಪಡದ ಮೇಲೆ ಹೊಟ್ಟೆ ಹೊರೆಯುವವರು ಕಡಿಮೆಯಾದರು. 20ನೇ ಶತಮಾನದ ಉತ್ತರಾರ್ಧದ ಎಷ್ಟೋ ಪುಸ್ತಕಗಳು ಈ ಪಟ್ಟಿ ಇರುವುದು ಅಲಗು ಅದುರದ ಹಾಗೆ ಹಿಡಿಯಲು, ಮರದ ಸುರುಳಿಯನ್ನು ತೋಪಡದ ಬಾಯಿಯಿಂದ (ಅಲಗು ಹೊರಚಾಚುವ ಸೀಳಿನಿಂದ) ಹೊರಹಾಕಲು ಎಂದಷ್ಟೇ ಹೇಳಿ ಮುಗಿಸಿದವು. ಮರ ಕಿತ್ತುಬಂದರೆ ಬಾಯಿ ಸಣ್ಣದು ಮಾಡಿ, ಅಲಗಿನ ಕೋನ ಹೆಚ್ಚಿಸಿ ಎಂದವು.

ಸರಿಪಡಿಸಿದ್ದು ಜಪಾನ್. ಯಮಗಾತ ವಿಶ್ವವಿದ್ಯಾಲಯದ ಕಾಟೊ ಮತ್ತು ಕವಾಯಿ ಎಂಬ ಇಬ್ಬರು ಸಂಶೋಧಕರು ಅಲಗು ಮರ ಕತ್ತರಿಸುವುದನ್ನು ತೀರ ಹತ್ತಿರದಿಂದ ಚಿತ್ರೀಕರಿಸಿದ್ದರು. 2012ರ ಸುಮಾರಿಗೆ ಆ ಚಿತ್ರ ಇಂಗ್ಲಿಷ್ ಬಲ್ಲ ಮರಗೆಲಸದವರ ಕಣ್ಣಿಗೆ ಬಿತ್ತು. ಪಟ್ಟಿ ದೂರವಿದ್ದಾಗ ಮೇಲೇಳುವ ಸುರುಳಿ ಸನ್ನೆಗೋಲಿನಂತೆ ಕೆಲಸ ಮಾಡಿ ಮುಂದಿನ ಎಳೆಗಳನ್ನು ಬುಡದಿಂದ ಕೀಳುತ್ತದೆ. ಪಟ್ಟಿಯನ್ನು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ಹತ್ತಿರ ತಂದಾಗ ಸುರುಳಿ ಏಳುತ್ತಿದ್ದಂತೆಯೇ ಅದಕ್ಕೆ ಗುದ್ದಿ ಮಡಚಿಕೊಳ್ಳುತ್ತದೆ, ಮುಂದಿನ ಎಳೆ ಕೀಳುವ ಬಲವೇ ಅದಕ್ಕೆ ಬರುವುದಿಲ್ಲ. ನಿಕಲ್ಸನ್ ಕಾಲದ ಬಡಗಿಗಳಿಗೆ ಗೊತ್ತಿದ್ದದ್ದು ಮತ್ತೆ ಪುಸ್ತಕಗಳಿಗೆ ಹತ್ತಿತು.

ನಮಗೆ ಇದು ಓಕ್ ಮರದವರಿಗಿಂತ ಹೆಚ್ಚು ಮುಖ್ಯ. ಹೊನ್ನೆ, ಮತ್ತಿಯಂಥ ನಮ್ಮ ಮರಗಳಲ್ಲಿ ಎಳೆಗಳು ಒಂದು ಪದರಕ್ಕೆ ಎಡಕ್ಕೆ, ಮುಂದಿನ ಪದರಕ್ಕೆ ಬಲಕ್ಕೆ ಓರೆಯಾಗಿ ಬೆಳೆದಿರುತ್ತವೆ. ಯಾವ ಕಡೆಯಿಂದ ತೋಪಡ ಹೊಡೆದರೂ ಒಂದು ಪಟ್ಟೆ ನಯವಾಗುತ್ತದೆ, ಪಕ್ಕದ ಪಟ್ಟೆ ಕಿತ್ತುಬರುತ್ತದೆ. “ಎಳೆಯ ದಿಕ್ಕಿಗೆ ಹೊಡೆಯಿರಿ” ಎಂಬ ಪುಸ್ತಕದ ಸಲಹೆ ಪೈನ್ ಮರದ ಊರಿನದು. ಸಾಮಾನ್ಯ ತೋಪಡದ ಅಲಗು 45 ಡಿಗ್ರಿಯಲ್ಲಿ ಕೂತಿರುವುದೂ ಆ ಊರಿನ ಮೆತ್ತನೆಯ, ನೇರ ಎಳೆಯ ಮರಗಳಿಗೆ ಒಪ್ಪುವ ಕೋನ. ಗಟ್ಟಿ ಮರಕ್ಕೆ 50, 55 ಡಿಗ್ರಿಯ ತೋಪಡಗಳನ್ನು ಇಂಗ್ಲೆಂಡಿನವರೂ ಮಾಡಿಕೊಂಡಿದ್ದರು. ಕೋನ ಹೆಚ್ಚಿದರೆ ಕೀಳುವುದು ಕಡಿಮೆಯಾಗುತ್ತದೆ, ತಳ್ಳುವ ಶ್ರಮ ಹೆಚ್ಚುತ್ತದೆ. ನಾನು ಹೊನ್ನೆಯ ಮೇಲೆ ಎರಡನ್ನೂ ಮಾಡಿ ನೋಡಿದ್ದೇನೆ. ಪಟ್ಟಿಯನ್ನು ಅಲಗಿನ ತುದಿಯಲ್ಲಿ ಕೂದಲೆಳೆಯಷ್ಟು ಮಾತ್ರ ಬೆಳಕು ಕಾಣುವವರೆಗೆ ಮುಂದೆ ತಂದಾಗ ಅದೇ 45 ಡಿಗ್ರಿಯ ತೋಪಡ ಸದ್ದು ಬದಲಿಸಿತು. ಚರ್ ಚರ್ ಹೋಗಿ ಸುಯ್ ಎಂದಿತು. ಸುರುಳಿ ಗುಂಗುರಾಗದೆ ರಿಬ್ಬನ್ನಿನಂತೆ ನೆಟ್ಟಗೆ ಮೇಲೆ ಹಾರಿತು. ಸುರುಳಿ ನೆಟ್ಟಗಾದರೆ ಪಟ್ಟಿ ಕೆಲಸ ಮಾಡುತ್ತಿದೆ ಎಂದು ಅರ್ಥ.

ಸಾಣೆಯ ವಿಷಯದಲ್ಲೂ ಹೀಗೆಯೇ. ಉಳಿಯನ್ನು 25 ಡಿಗ್ರಿಗೆ ಉಜ್ಜಿ ತುದಿಗೆ ಮಾತ್ರ 30 ಡಿಗ್ರಿ ಕೊಡಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಅದು ಒಳ್ಳೆಯ ಆರಂಭ. ಆದರೆ ತೇಗದ ಒಳಗೆ ಸಿಲಿಕಾ ಇದೆ, ಮರಳಿನದೇ ಅಂಶ. ಕಣ್ಣಿಗೆ ಕಾಣುವುದಿಲ್ಲ, ಅಲಗಿಗೆ ಗೊತ್ತಾಗುತ್ತದೆ. ಪೈನ್ ಮರದಲ್ಲಿ ಅರ್ಧ ದಿನ ನಡೆಯುವ ಉಳಿ ತೇಗದಲ್ಲಿ ಬಹಳ ಬೇಗ ಮೊಂಡಾಗುತ್ತದೆ. ನಿಮ್ಮ ಕೈ ಕೆಟ್ಟದೆಂದು ಬೇಸರ ಪಡಬೇಡಿ, ಕಲ್ಲಿನ ಬಳಿ ಹೆಚ್ಚು ಸಲ ಹೋಗಿ.

ನಮ್ಮ ಮರ, ನಮ್ಮ ಪುಸ್ತಕ

ಹಲಸು, ಹೆಬ್ಬಲಸು, ಮತ್ತಿ, ಹೊನ್ನೆ ಇವುಗಳ ವಿವರ ಬೇಕಾದರೆ ಭಾರತದ ಪುಸ್ತಕಗಳಿಗೆ ಬರಬೇಕು. ಅವು ಇವೆ, ಆದರೆ ಬಡಗಿಗಾಗಿ ಬರೆದವಲ್ಲ. ಜೇಮ್ಸ್ ಸೈಕ್ಸ್ ಗ್ಯಾಂಬಲ್ ಎಂಬ ಅರಣ್ಯಾಧಿಕಾರಿಯ ‘ಎ ಮ್ಯಾನ್ಯುಯಲ್ ಆಫ್ ಇಂಡಿಯನ್ ಟಿಂಬರ್ಸ್’ 1881ರಲ್ಲಿ ಬಂತು. ಪ್ರತಿ ಮರಕ್ಕೂ ಊರೂರಿನ ಹೆಸರು, ತೂಕ, ಅಡ್ಡ ಕೊಯ್ದಾಗ ಕಾಣುವ ರಚನೆ ಕೊಟ್ಟಿದ್ದಾರೆ; ಕನ್ನಡದ ಹೆಸರುಗಳೂ ಇವೆ. 1932ರಲ್ಲಿ ಪಿಯರ್ಸನ್ ಮತ್ತು ಬ್ರೌನ್ ಅವರ ‘ಕಮರ್ಷಿಯಲ್ ಟಿಂಬರ್ಸ್ ಆಫ್ ಇಂಡಿಯಾ’ ಎರಡು ಸಂಪುಟಗಳಲ್ಲಿ ಬಂತು. ಸ್ವಾತಂತ್ರ್ಯದ ನಂತರ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ‘ಇಂಡಿಯನ್ ವುಡ್ಸ್’ ಎಂಬ ಸಂಪುಟಗಳನ್ನು 1958ರಿಂದ ಹೊರತಂದಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಈ ಬಗೆಯ ಪ್ರಶ್ನೆಗಳಿಗೆಂದೇ ಇರುವ ಮನೆ ಅದು.

ಭಾರತೀಯ ಮಾನಕ ಸಂಸ್ಥೆಯ ಐಎಸ್ 287 ಎಂಬ ತೆಳ್ಳನೆಯ ದಾಖಲೆಯನ್ನೂ ಮರೆಯಬಾರದು. ವರ್ಷದ ಸರಾಸರಿ ಆರ್ದ್ರತೆ ನೋಡಿ ದೇಶವನ್ನು ನಾಲ್ಕು ವಲಯ ಮಾಡಿ, ಬಾಗಿಲಿಗೆ, ಪೀಠೋಪಕರಣಕ್ಕೆ, ನೆಲಹಾಸಿಗೆ ಯಾವ ವಲಯದಲ್ಲಿ ಎಷ್ಟು ತೇವಾಂಶದ ಮರ ಬಳಸಬಹುದೆಂದು ಅದು ಹೇಳುತ್ತದೆ. ಒಂದೇ ದೇಶದಲ್ಲಿ ಒಂದೇ ಬಾಗಿಲಿಗೆ ನಾಲ್ಕು ಅಂಕಿ. ನನ್ನ ಪೆಟ್ಟಿಗೆ ಬೆಂಗಳೂರಿನಿಂದ ಉಡುಪಿಗೆ ಹೋಗುವಾಗ ಆದದ್ದನ್ನೇ ಅದು ದೇಶದ ಅಳತೆಯಲ್ಲಿ ಹೇಳುತ್ತಿದೆ.

ಇವಕ್ಕಿಂತ ಹಳೆಯದೂ ಒಂದಿದೆ. ‘ಮಾನಸಾರ’, ‘ಮಯಮತ’ ಎಂಬ ಸಂಸ್ಕೃತದ ವಾಸ್ತುಗ್ರಂಥಗಳಲ್ಲಿ ಸಂಧಿಕರ್ಮ ಎಂಬ ಅಧ್ಯಾಯವೇ ಇದೆ. ಮಲ್ಲಲೀಲ, ಬ್ರಹ್ಮರಾಜ, ವೇಣುಪರ್ವ ಎಂದು ಮರದ ಜೋಡಣೆಗಳಿಗೆ ಹೆಸರಿಟ್ಟಿದ್ದಾರೆ. ವೇಣುಪರ್ವವೆಂದರೆ ಬಿದಿರಿನ ಗೆಣ್ಣು, ಹೆಸರೇ ಆಕಾರವನ್ನು ಕಣ್ಣಿಗೆ ತರುತ್ತದೆ. ಮರದ ಬುಡದ ಕಡೆ ಯಾವುದು, ತುದಿಯ ಕಡೆ ಯಾವುದು ಎಂದು ಗುರುತಿಟ್ಟು ಅದರಂತೆಯೇ ನಿಲ್ಲಿಸಬೇಕು ಎಂಬ ನಿಯಮವಿದೆ. ಆದರೆ ಉಳಿ ಹಿಡಿಯುವುದು ಹೇಗೆ ಎಂದು ಅಲ್ಲಿ ಹುಡುಕಬಾರದು. ಕೈ ಆಗಲೇ ಕಲಿತವನು ನೆನಪಿಟ್ಟುಕೊಳ್ಳಲೆಂದು ಕಟ್ಟಿದ ಶ್ಲೋಕಗಳು ಅವು. ಮಾಕ್ಸನ್ ಒಪ್ಪಿಕೊಂಡ ಮಿತಿಯನ್ನು ಇವರು ಹೇಳಲೇ ಇಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತಾಗಿತ್ತು.

ಇನ್ನು ಸಲಕರಣೆಗಳ ಹೆಸರು. ಇಂಗ್ಲಿಷಿನಲ್ಲಿ ಆರ್. ಎ. ಸಾಲಮನ್ ಅವರ ನಿಘಂಟು 1975ರಲ್ಲಿ ಬಂತು. 1700ರಿಂದ 1970ರವರೆಗಿನ ಬಡಗಿ, ಪೀಪಾಯಿ ಮಾಡುವವರು, ಗಾಲಿ ಮಾಡುವವರು ಹೀಗೆ ಮರ ಮುಟ್ಟುವ ಎಲ್ಲ ಕಸುಬಿನ ಸಲಕರಣೆಗಳನ್ನು ಅಕಾರಾದಿಯಲ್ಲಿ, ಚಿತ್ರ ಸಹಿತ ಕೊಟ್ಟಿದ್ದಾರೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ವಿಚಿತ್ರ ಆಕಾರದ ಕಬ್ಬಿಣ ಏನು ಎಂದು ತಿಳಿಯಲು ಅಂಥ ಪುಸ್ತಕ ಬೇಕು. ನಮಗೆ ಅಂಥದ್ದು ಎಷ್ಟು ಬೇಕಾಗಿದೆ ಎಂಬುದಕ್ಕೆ ಒಂದೇ ಉದಾಹರಣೆ: ಪ್ಲೇನ್ ಎನ್ನುವುದಕ್ಕೆ ಕನ್ನಡದಲ್ಲಿ ತೋಪಡ, ಹತ್ತರಿ, ಉಜ್ಜುಗೊರಡು, ಕೀಸುಳಿ ಇವೆ, ನಗರದ ಕೆಲಸದ ಜಾಗದಲ್ಲಿ ರಂದ ಎನ್ನುತ್ತಾರೆ. ಇವೆಲ್ಲ ಒಂದೇ ಸಲಕರಣೆಯೇ, ಇಲ್ಲ ಒಂದೊಂದು ಊರಿನಲ್ಲಿ ಉದ್ದನೆಯದಕ್ಕೊಂದು, ಗಿಡ್ಡನೆಯದಕ್ಕೊಂದು ಹೆಸರೇ? ಬಾಚಿ, ಬೈರಿಗೆ, ಕೊಡತಿ, ಮೂಲೆಮಟ್ಟ, ಅರ ಎಂದು ಪಟ್ಟಿ ಮಾಡುವುದು ಸುಲಭ. ಪ್ರತಿಯೊಂದರ ಪಕ್ಕ ಅಳತೆ ಹಾಕಿದ ಚಿತ್ರ, ಯಾವ ಊರಿನದು, ಯಾವ ಕೆಲಸಕ್ಕೆ, ಯಾರು ಮಾಡಿಕೊಟ್ಟದ್ದು ಎಂದು ಬರೆಯಲು ಊರೂರಿನ ಆಚಾರ್ರ ಮುಂದೆ ಕೂರಬೇಕು. ಬಾಚಿಯಿಂದ ತೊಲೆ ಕೆತ್ತಿದ ಕೈಗಳು ಈಗ ಮುಪ್ಪಾಗಿವೆ. ಈ ಕೆಲಸವನ್ನು ಯಾರಾದರೂ ಬೇಗ ಮಾಡಬೇಕು ಎಂದು ನನಗೆ ದಿನವೂ ಅನಿಸುತ್ತದೆ.

ಐಟಿಐಗಳ ಬಡಗಿ ಕೋರ್ಸಿಗೆ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಪುಸ್ತಕ ಸಿದ್ಧಪಡಿಸುತ್ತದೆ. ಸಿದ್ಧಾಂತಕ್ಕೊಂದು ಪುಸ್ತಕ, ಪ್ರಾಯೋಗಿಕಕ್ಕೊಂದು ಪುಸ್ತಕ. ಹೊಸಬರಿಗೆ ನಾನು ಎರಡನೆಯದನ್ನು ಶಿಫಾರಸು ಮಾಡುತ್ತೇನೆ. ಅಳತೆಗಳು ಮಿಲಿಮೀಟರಿನಲ್ಲಿವೆ, ನಮ್ಮ ಅಂಗಡಿಯಲ್ಲಿ ಸಿಗುವ ಸಲಕರಣೆಗಳಿವೆ. ಅಮೆರಿಕದ ಪುಸ್ತಕದಲ್ಲಿ “ಎರಡು–ನಾಲ್ಕು” ಎಂದು ಕರೆಯುವ ಕಟ್ಟಿಗೆ ನಿಜದಲ್ಲಿ ಒಂದೂವರೆ ಇಂಚಿಗೆ ಮೂರೂವರೆ ಇಂಚು ಎಂಬುದು, ಅವರ ಬೋರ್ಡ್ ಫುಟ್ ಎಂದರೆ ನಮ್ಮ ಸಿಎಫ್‌ಟಿಯ (ಘನ ಅಡಿಯ) ಹನ್ನೆರಡನೆಯ ಒಂದು ಭಾಗ ಎಂಬುದು ಗೊತ್ತಿಲ್ಲದೆ ಮರ ತರಲು ಹೋದರೆ ಲೆಕ್ಕ ತಪ್ಪುತ್ತದೆ.

ಆ ಮುಚ್ಚಳವನ್ನು ಮುಂದಿನ ಮಾರ್ಚ್‌ನಲ್ಲಿ ಮತ್ತೆ ಮಾಡಿದೆ. ಹಲಗೆ ಅದೇ. ಎರಡೂ ಬದಿಯಲ್ಲಿ ಅಂಚನ್ನು ತೋಪಡದಿಂದ ಎರಡೆರಡು ಮಿಲಿಮೀಟರ್ ಇಳಿಸಿದೆ. ಜಾಡಿಗೆ ಅಂಟು ಮುಟ್ಟಿಸಲಿಲ್ಲ. ಹಲಗೆ ಒಂದೇ ಕಡೆ ಸರಿಯದಂತೆ ಎರಡು ತುದಿಗಳ ನಡುಮಧ್ಯ ಮಾತ್ರ ಒಂದೊಂದು ಬಿದಿರಿನ ಮೊಳೆ ಕೊಟ್ಟೆ. ಚೌಕಟ್ಟಿನ ಒಳ ಅಂಚಿಗೆ ಸರಿಯಾಗಿ ಹಲಗೆಯ ಮೇಲೆ ಎರಡೂ ಕಡೆ ಪೆನ್ಸಿಲಿನ ತೆಳು ಗೆರೆ ಎಳೆದು ಉಡುಪಿಗೆ ಒಯ್ದು ಇಟ್ಟೆ. ಆಟಿಯಲ್ಲಿ ಹೋಗಿ ನೋಡಿದರೆ ಗೆರೆಗಳು ಕಾಣಲಿಲ್ಲ. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಜಾಡಿಗೆ ತೂರಿಸಿ ಗುರುತು ಹಾಕಿಕೊಂಡು ಅಳೆದೆ: ಒಂದೊಂದು ಬದಿಗೆ ಒಂದೂವರೆ ಮಿಲಿಮೀಟರಿನಷ್ಟು ಒಳಗೆ ಹೋಗಿದ್ದವು. ಲೆಕ್ಕಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ. ಪಾಲಿಶ್ ಹಚ್ಚಿದ ಹಲಗೆ ತೇವವನ್ನು ನಿಧಾನವಾಗಿ ಕುಡಿಯುತ್ತದೆ. ಮೂಲೆಗಳು ಬಿಗಿಯಾಗಿದ್ದವು. ಆಚಾರ್ರು ಬಂದು ಮತ್ತೆ ಉಗುರು ಆಡಿಸಿ ನೋಡಿದರು, ಏನೂ ಹೇಳದೆ ಮುಚ್ಚಳ ಮುಚ್ಚಿದರು. ಬೆಂಗಳೂರಿಗೆ ಮರಳಿ ಬಂದು ಕೋಷ್ಟಕದಲ್ಲಿ ತೇಗದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದೆ: ಉಡುಪಿ, ಜುಲೈ, 300ಕ್ಕೆ 3.